ಸೋರುವ ನಳ್ಳಿಯೂ ನಮ್ಮ ಮನಸ್ಸಾಕ್ಷಿಯೂ



ಬೇಸಗೆಯಲ್ಲಿ ಈಶ್ವರಮಂಗಲದ ಒಂದು ಮನೆಗೆ ಭೇಟಿಗೆಂದು ಹೋಗಿದ್ದೆ. ಹಿತ್ತಿಲ ನಳ್ಳಿ ತೊಟ್ಟಿಕ್ಕುತ್ತಿತ್ತು. ತೋರಿಸಿದಾಗ ಯಜಮಾನರು ನಕ್ಕರು: "ಫಾದರ್, ಬೋರ್‌ವೆಲ್ ನಮ್ಮದು, ನೀರೂ ನಮ್ಮದು. ಒಂದು ಹನಿ ಹೋದರೆ ಯಾರಿಗೆ ನಷ್ಟ?" ಉತ್ತರಿಸಲು ನನಗೆ ಬಾಯಿ ಬರಲಿಲ್ಲ. ನನ್ನ ನಿವಾಸದ ಬಚ್ಚಲ ನಳ್ಳಿಯೂ ತಪಸ್ಸು ಕಾಲವಿಡೀ ಸೋರುತ್ತಲೇ ಇತ್ತು.

ಮೊದಲು ಲೆಕ್ಕ ನೋಡೋಣ. ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 86,400 ಹನಿ. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 4 ಲೀಟರಿಗೂ ಹೆಚ್ಚು, ವರ್ಷಕ್ಕೆ ಸುಮಾರು 1,500 ಲೀಟರ್. ಅಷ್ಟನ್ನೂ ಆಳದಿಂದ ಎತ್ತಿದ್ದು ಕರೆಂಟು. ಸೋರಿದ ಹನಿ ನೆಲಕ್ಕೆ ಮರಳಿ ಇಂಗೀತು; ಅದನ್ನು ಎತ್ತಿದ ಶಕ್ತಿ ಮಾತ್ರ ಮರಳದು.

ಆದರೆ ಯಜಮಾನರ ಪ್ರಶ್ನೆ ಹಕ್ಕಿನದು. ನನ್ನದನ್ನು ನಾನು ಹಾಳು ಮಾಡಿದರೆ ತಪ್ಪೇ? 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರ ಬೋಧನೆಯಂತೆ, ವಸ್ತುವನ್ನು ಸ್ವಂತವಾಗಿ ಇಟ್ಟುಕೊಂಡು ನೋಡಿಕೊಳ್ಳುವ ಹಕ್ಕು ಮನುಷ್ಯನಿಗಿದೆ. ಬಳಸುವಾಗ ಮಾತ್ರ ಅದನ್ನು ಎಲ್ಲರದೆಂದು ಎಣಿಸಬೇಕು. ಬೋರ್‌ವೆಲ್ಲಿನ ಪೈಪು ನಮ್ಮದು ನಿಜ. ಕೆಳಗಿನ ನೀರಿಗೆ ಬೇಲಿಯಿಲ್ಲ. ನಾವು ಎತ್ತಿದಷ್ಟೂ ನೆರೆಮನೆಯ ಬಾವಿಯಲ್ಲಿ ಕಡಿಮೆಯಾಗಬಹುದು.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಬಂಟ್ವಾಳದ ಮಾಣಿಲ, ಗಡಿಯಾಚೆಯ ಬಾಯಾರು ಕಡೆ ಅವರು ಮುರಕಲ್ಲಿನ ಗುಡ್ಡ ಕೊರೆದು ಸುರಂಗ ತೋಡಿದರು. ಒಳಗೆ ಒಸರಿದ ನೂಲಿನಂಥ ನೀರನ್ನು ಕೆರೆಗೆ ಹಾಯಿಸಿ ಮನೆಯನ್ನೂ ತೋಟವನ್ನೂ ಸಾಕಿದರು. ಅಂಥ ಒಸರೇ ಅವರ ಬದುಕು. ನಮ್ಮ ನಳ್ಳಿಯಲ್ಲಿ ಸೋರುವಾಗ ನಮಗೆ ಅದು ಲೆಕ್ಕಕ್ಕಿಲ್ಲ!

ಐದು ಸಾವಿರ ಜನರಿಗೆ ಉಣಿಸಿದ ಮೇಲೆ, ಉಳಿದ ತುಂಡುಗಳು ಹಾಳಾಗದಂತೆ ಒಟ್ಟುಗೂಡಿಸಿರೆಂದು ಯೇಸುಸ್ವಾಮಿ ಶಿಷ್ಯರಿಗೆ ಹೇಳಿದರು. ಇನ್ನೂ ಎಷ್ಟು ರೊಟ್ಟಿಯನ್ನಾದರೂ ಕೊಡಬಲ್ಲವರೇ ತುಂಡುಗಳನ್ನು ಕಡೆಗಣಿಸಲಿಲ್ಲ. ವಿಶ್ವಗುರು ಫ್ರಾನ್ಸಿಸರೂ 2015ರ 'ಲೌದಾತೊ ಸಿ' ವಿಶ್ವಪರಿಪತ್ರದಲ್ಲಿ, ನೀರನ್ನು ಮಿತವಾಗಿ ಬಳಸುವಂಥ ದಿನನಿತ್ಯದ ಸಣ್ಣ ಕೆಲಸಗಳಿಂದ ಸೃಷ್ಟಿಯನ್ನು ಕಾಪಾಡುವುದನ್ನು ಸದ್ಗುಣವೆಂದೇ ಎತ್ತಿ ಹಿಡಿದರು.

ಹಾಗಾದರೆ ಸೋರುವ ನಳ್ಳಿ ಪಾಪವೇ? ವಾಷರ್ ಸವೆಯುವುದು ಪಾಪವಲ್ಲ. ಕಂಡೂ ಕಾಣದಂತಿರುವುದು ನಮ್ಮ ಉದಾಸೀನ. ಮಾಡಬೇಕಾದುದನ್ನು ಮಾಡದೆ ಬಿಟ್ಟದ್ದಕ್ಕೂ ಬಲಿಪೂಜೆಯ ಆರಂಭದಲ್ಲಿ ನಾವು ಕ್ಷಮೆ ಬೇಡುತ್ತೇವಲ್ಲವೇ?

ಟ್ಯಾಂಕಿಯ ವಾಲ್ವ್ ಮುಚ್ಚಿ, ನಳ್ಳಿ ಬಿಚ್ಚಿ, ಹೊಸ ವಾಷರ್ ಹಾಕಿ. ಮಕ್ಕಳನ್ನೂ ಹತ್ತಿರ ಕರೆದು ತೋರಿಸಿ. ನನ್ನ ನಳ್ಳಿಯನ್ನು ಸರಿಮಾಡಿದ ಮೇಲೆಯೇ ಇದನ್ನು ಬರೆಯಲು ಕುಳಿತೆ. ಇನ್ನು ಆ ಯಜಮಾನರ ಮನೆಗೆ ಧೈರ್ಯವಾಗಿ ಹೋಗಬಹುದು.