ಸೀಸದ ಅಳತೆಗೋಲು

ಅಮೆರಿಕದ ಮಿಷಿಗನ್ ರಾಜ್ಯದ ಹೈಸ್ಕೂಲು ಕ್ರೀಡಾ ಸಂಘದ ನಿಯಮಪುಸ್ತಕದಲ್ಲಿ ಒಂದು ಸಾಲು ಇತ್ತು: ಸೆಪ್ಟೆಂಬರ್ 1ಕ್ಕೆ ಮೊದಲೇ 19 ತುಂಬಿದ ವಿದ್ಯಾರ್ಥಿ ಆ ವರ್ಷ ಶಾಲೆಯ ಪರವಾಗಿ ಆಡುವಂತಿಲ್ಲ. 1994ರ ಸುಮಾರಿಗೆ ಇಬ್ಬರು ಹುಡುಗರು ಈ ಸಾಲಿಗೆ ಎಡವಿ ಬಿದ್ದರು. ಇಬ್ಬರಿಗೂ ಕಲಿಕೆಯ ನ್ಯೂನತೆ ಇತ್ತು. ಅದರಿಂದಾಗಿಯೇ ಚಿಕ್ಕ ತರಗತಿಗಳಲ್ಲಿ ಹಿಂದೆ ಬಿದ್ದು, ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ವಯಸ್ಸು 19 ದಾಟಿತ್ತು. ಇಬ್ಬರೂ ಓಟಗಾರರು. ಫುಟ್‌ಬಾಲ್‌ನಂತೆ ಮೈಗೆ ಮೈ ಗುದ್ದುವ ಆಟವಲ್ಲ, ಹೊಲ, ಗುಡ್ಡ, ಟ್ರ್ಯಾಕುಗಳಲ್ಲಿ ತಮ್ಮ ಪಾಡಿಗೆ ತಾವು ಓಡುವುದು. ಅವರು ನ್ಯಾಯಾಲಯಕ್ಕೆ ಹೋದರು. ಜಿಲ್ಲಾ ನ್ಯಾಯಾಧೀಶರು ‘ಓಡಲಿ’ ಎಂದರು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ಒಪ್ಪಲಿಲ್ಲ. ನಿಯಮ ಗೆದ್ದಿತು.

ಈ ಕತೆ ಕೇಳಿದವರಲ್ಲಿ ಒಬ್ಬರು ‘ಅಯ್ಯೋ, ಓಡಿದರೆ ಯಾರ ಗಂಟು ಹೋಗುತ್ತಿತ್ತು?’ ಅನ್ನುತ್ತಾರೆ. ಪಕ್ಕದವರು ‘ಇವತ್ತು ಇವರಿಗೆ ಬಿಟ್ಟರೆ ನಾಳೆ ಊರಿಗೆಲ್ಲ ಬಿಡಬೇಕಾಗುತ್ತದೆ’ ಅನ್ನುತ್ತಾರೆ. ಇಬ್ಬರೂ ನ್ಯಾಯದ ಹೆಸರಿನಲ್ಲೇ ಮಾತಾಡುತ್ತಿದ್ದಾರೆ. ಎಲ್ಲರಿಗೂ ಒಂದೇ ನಿಯಮ ಅನ್ನುವುದೂ ನ್ಯಾಯವೇ, ಅವರವರ ಸ್ಥಿತಿ ನೋಡಬೇಕು ಅನ್ನುವುದೂ ನ್ಯಾಯವೇ. ಈ ಎರಡರ ನಡುವಿನ ತಿಕ್ಕಾಟಕ್ಕೆ ತತ್ತ್ವಶಾಸ್ತ್ರದಲ್ಲಿ ಸುಮಾರು 2,300 ವರ್ಷಗಳಷ್ಟು ಹಳೆಯ ಹೆಸರೊಂದಿದೆ. ಅದಕ್ಕೆ ಬರುವ ಮೊದಲು ಆ ನಿಯಮವಾದರೂ ಯಾಕೆ ಹುಟ್ಟಿತು ನೋಡೋಣ.

ಅಮೆರಿಕದಲ್ಲಿ ಹೈಸ್ಕೂಲು ಕ್ರೀಡೆ ಅಂದರೆ ವರ್ಷಕ್ಕೊಮ್ಮೆ ನಡೆಯುವ ಕ್ರೀಡಾಕೂಟವಲ್ಲ. ವರ್ಷಕ್ಕೆ ಸುಮಾರು 80 ಲಕ್ಷ ಆಟಗಾರರ ಲೆಕ್ಕ ಸಿಗುವ ದೊಡ್ಡ ವ್ಯವಸ್ಥೆ ಅದು. ಆಟದ ನಿಯಮಗಳನ್ನು ಬರೆಯುವ ರಾಷ್ಟ್ರೀಯ ಒಕ್ಕೂಟ 1920ರಿಂದ ಇದೆ. ಯಾರು ಆಡಬಹುದು, ಯಾರು ಆಡಬಾರದು ಎಂಬುದನ್ನು ಆಯಾ ರಾಜ್ಯದ ಸಂಘ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಎಲ್ಲ ಕಡೆಯೂ ನಾಲ್ಕು ಬಾಗಿಲುಗಳಿರುತ್ತವೆ. ಮೊದಲನೆಯದು ವಯಸ್ಸು. ಎರಡನೆಯದು ಅವಧಿ: ಹೈಸ್ಕೂಲು ಸೇರಿದ ಮೇಲೆ ಎಂಟು ಸೆಮಿಸ್ಟರ್ ಮಾತ್ರ. ಮೂರನೆಯದು ವರ್ಗಾವಣೆ: ಒಳ್ಳೆಯ ತಂಡ ಇದೆ ಎಂದು ಶಾಲೆ ಬದಲಿಸಿದರೆ ಕೆಲಕಾಲ ಬೆಂಚಿನ ಮೇಲೆ ಕೂರಬೇಕು. ನಾಲ್ಕನೆಯದು ಅಂಕ: ಟೆಕ್ಸಾಸ್ 1984ರಲ್ಲಿ ತಂದ ‘ಪಾಸಾಗದಿದ್ದರೆ ಆಟವಿಲ್ಲ’ ಎಂಬ ಕಾನೂನು ಇದರಲ್ಲಿ ಹೆಸರುವಾಸಿ. ಅನರ್ಹನೊಬ್ಬ ಆಡಿದ್ದು ಗೊತ್ತಾದರೆ ಸಾಮಾನ್ಯವಾಗಿ ಇಡೀ ತಂಡವೇ ಗೆದ್ದ ಪಂದ್ಯವನ್ನು ಕಳೆದುಕೊಳ್ಳುತ್ತದೆ.

ವಯಸ್ಸಿನ ಬಾಗಿಲಿಗೆ ಒಳ್ಳೆಯ ಕಾರಣಗಳೇ ಇವೆ. ಹದಿನಾಲ್ಕರ ಹುಡುಗನ ಎದುರು ಇಪ್ಪತ್ತರ ಗಂಡಸು ನಿಂತರೆ ಮೂಳೆ ಮುರಿಯುತ್ತದೆ. ಮಗ ಇನ್ನೊಂದು ವರ್ಷ ಬಲಿಯಲಿ, ಆಮೇಲೆ ಮಿಂಚಲಿ ಎಂದು ಬೇಕಂತಲೇ ಅದೇ ತರಗತಿಯಲ್ಲಿ ಕೂರಿಸುವ ತಂದೆತಾಯಿಗಳೂ ಅಲ್ಲಿದ್ದಾರೆ. ತಂಡದಲ್ಲಿ ಜಾಗ ಕೆಲವೇ, ಹಿರಿಯರು ಬಿಟ್ಟರೆ ತಾನೆ ಕಿರಿಯರಿಗೆ ಸರದಿ? ಎಲ್ಲಕ್ಕಿಂತ ಹೆಚ್ಚಾಗಿ, ದಿನಾಂಕ ಯಾರ ಮುಲಾಜನ್ನೂ ನೋಡುವುದಿಲ್ಲ. ಕೋಚಿನ ಭಾವಮೈದ, ದೇಣಿಗೆ ಕೊಟ್ಟ ಧಣಿಯ ಮಗ ಎಂಬುದು ಅದಕ್ಕೆ ಗೊತ್ತಾಗುವುದೇ ಇಲ್ಲ. ಮುಖ ನೋಡಿ ಮಣೆ ಹಾಕುವ ಲೋಕದಲ್ಲಿ ನಿಯಮದ ಕುರುಡುತನವೇ ದೊಡ್ಡ ಗುಣ.

ಹಾಗಾದರೆ ಆ ಇಬ್ಬರು ಓಟಗಾರರಿಗೆ ಆದದ್ದು ನಮಗೆ ಯಾಕೆ ಕಸಿವಿಸಿ ಉಂಟುಮಾಡುತ್ತದೆ? ಇದಕ್ಕೆ ಅರಿಸ್ಟಾಟಲ್ ಉತ್ತರ ಬರೆದಿಟ್ಟಿದ್ದಾನೆ. ಅವನ ‘ನಿಕೊಮೇಕಿಯನ್ ಎಥಿಕ್ಸ್’ ಗ್ರಂಥದ ಐದನೆಯ ಭಾಗ ನ್ಯಾಯದ ಕುರಿತದ್ದು. ಅವನ ವಾದ ಸರಳ. ಕಾನೂನು ಯಾವಾಗಲೂ ಸಾಮಾನ್ಯ ಮಾತಿನಲ್ಲೇ ಹೇಳಬೇಕು, ಬದುಕು ಯಾವಾಗಲೂ ಬಿಡಿಬಿಡಿಯಾಗಿ ಬರುತ್ತದೆ. ಬಹುಪಾಲು ಸಂದರ್ಭಗಳಿಗೆ ಸರಿಹೋಗುವಂತೆ ಬರೆದ ಕಾನೂನು ಒಂದೊಂದು ಕಡೆ ತಪ್ಪುತ್ತದೆ. ತಪ್ಪು ಕಾನೂನಿನದಲ್ಲ, ಬರೆದವನದೂ ಅಲ್ಲ, ವಿಷಯದ ಸ್ವಭಾವವೇ ಅಂಥದ್ದು. ಆಗ ಬರೆದವನು ಇಲ್ಲಿದ್ದಿದ್ದರೆ ಏನು ಹೇಳುತ್ತಿದ್ದ ಎಂದು ಯೋಚಿಸಿ ತಿದ್ದಬೇಕು. ಹೀಗೆ ತಿದ್ದುವ ಗುಣಕ್ಕೆ ಅವನು ಕೊಟ್ಟ ಹೆಸರು ‘ಎಪಿಐಕೈಯಾ’.

ಅದಕ್ಕೊಂದು ಹೋಲಿಕೆಯನ್ನೂ ಕೊಟ್ಟ. ಲೆಸ್ಬಾಸ್ ದ್ವೀಪದ ಕಲ್ಲುಕುಟಿಗರು ಸೀಸದ ಅಳತೆಗೋಲು ಬಳಸುತ್ತಿದ್ದರಂತೆ. ಕಬ್ಬಿಣದ ಕೋಲನ್ನು ಉಬ್ಬುತಗ್ಗಿನ ಕಲ್ಲಿನ ಮೇಲಿಟ್ಟರೆ ನಡುವೆ ಸಂದು ಉಳಿಯುತ್ತದೆ. ಸೀಸ ಮೆತ್ತಗಿನ ಲೋಹ, ಕಲ್ಲಿನ ಆಕಾರಕ್ಕೆ ಬಾಗಿ ಅದರ ಮೈಯನ್ನೇ ಅಳೆಯುತ್ತದೆ. ಅಳತೆ ಬೇಡ ಎಂದು ಅವನು ಹೇಳಲಿಲ್ಲ. ಕಲ್ಲಿಗೆ ತಕ್ಕ ಕೋಲು ಬೇಕು ಅಂದ.

ಎಪಿಐಕೈಯಾಕ್ಕೆ ಕನ್ನಡದಲ್ಲಿ ಏನನ್ನಬೇಕು? ‘ದಯೆ’ ಅಲ್ಲ. ದಯೆ ತೋರುವವನು ನ್ಯಾಯವನ್ನು ಒಂದಿಷ್ಟು ಬಿಟ್ಟುಕೊಡುತ್ತಾನೆ. ‘ರಿಯಾಯಿತಿ’ಯೂ ಅಲ್ಲ. ನನಗೆ ಹತ್ತಿರವೆನಿಸುವುದು ‘ಔಚಿತ್ಯ’. ಕಾವ್ಯಮೀಮಾಂಸೆ ಓದಿದವರಿಗೆ ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನಿಂದ ಪರಿಚಯವಾದ ಮಾತು ಇದು. ಲಕ್ಷಣಕ್ಕೆ ಸರಿಯಾಗಿದ್ದರೂ ಅಲಂಕಾರ ಸಂದರ್ಭಕ್ಕೆ ಒಗ್ಗದಿದ್ದರೆ ಕಾವ್ಯ ಕೆಡುತ್ತದೆ. ಹಾಗೆಯೇ ಅಕ್ಷರಕ್ಕೆ ಸರಿಯಾಗಿದ್ದೂ ಸಂದರ್ಭಕ್ಕೆ ಒಗ್ಗದ ತೀರ್ಪು ನ್ಯಾಯವನ್ನು ಕೆಡಿಸುತ್ತದೆ. ಔಚಿತ್ಯ ನ್ಯಾಯಕ್ಕೆ ಹೊರಗಿನಿಂದ ಬಂದ ಕನಿಕರವಲ್ಲ, ನ್ಯಾಯದ್ದೇ ಒಂದು ಅಂಗ.

ಇಷ್ಟಕ್ಕೆ ನಿಂತರೆ ಅಪಾಯವಿದೆ. ಎಲ್ಲ ನಿಯಮವೂ ಬಾಗಬಹುದೆ? ಕಬಡ್ಡಿಯಲ್ಲಿ ಎದುರಾಳಿ ಅಂಗಳಕ್ಕೆ ಹೋದವನು ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ಇರಬೇಕು, ನಡುವೆ ಉಸಿರು ಎಳೆದುಕೊಳ್ಳುವಂತಿಲ್ಲ. ಅಸ್ತಮಾ ಇರುವ ಹುಡುಗನೊಬ್ಬ ‘ನಾನು ಒಂದೇ ಒಂದು ಸಲ ಉಸಿರು ಎಳೆದುಕೊಳ್ಳಲಾ ಸಾರ್?’ ಎಂದು ಕೇಳಿದ ಅಂತಿಟ್ಟುಕೊಳ್ಳಿ. ನಮ್ಮ ಕರುಳು ಚುರ್ ಅಂದರೂ ಒಪ್ಪುವುದು ಕಷ್ಟ. ಒಪ್ಪಿದ ಕ್ಷಣ ಅಲ್ಲಿ ನಡೆಯುತ್ತಿರುವುದು ಕಬಡ್ಡಿಯೇ ಅಲ್ಲ.

ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1955ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇಂಥದೇ ಉದಾಹರಣೆ ತೆಗೆದುಕೊಂಡ. ಬೇಸ್‌ಬಾಲ್‌ನಲ್ಲಿ ಮೂರು ಸ್ಟ್ರೈಕ್ ಆದರೆ ಔಟ್. ಬ್ಯಾಟರ್ ಒಬ್ಬ ‘ನನಗೆ ನಾಲ್ಕು ಕೊಡುತ್ತೀರಾ?’ ಎಂದು ಕೇಳಿದರೆ, ನಿಯಮ ಏನೆಂದು ವಿಚಾರಿಸುತ್ತಿದ್ದಾನೆ ಎಂದುಕೊಳ್ಳುತ್ತೇವೆ. ನನಗೊಬ್ಬನಿಗೆ ನಾಲ್ಕು ಕೊಟ್ಟರೆ ಒಟ್ಟಾರೆ ಒಳ್ಳೆಯದಾಗುತ್ತದೆ ಎಂದು ವಾದಿಸತೊಡಗಿದರೆ ತಮಾಷೆ ಮಾಡುತ್ತಿದ್ದಾನೆ ಅನ್ನಿಸುತ್ತದೆ. ಕೆಲವು ನಿಯಮಗಳು ಆಟಕ್ಕೆ ಹಾಕಿದ ಬೇಲಿಯಲ್ಲ, ಅವೇ ಆಟ. ಅವನ್ನು ತೆಗೆದರೆ ಸ್ಟ್ರೈಕ್ ಎಂಬ ಮಾತಿಗೇ ಅರ್ಥವಿರುವುದಿಲ್ಲ.

ಈ ನಾಲ್ಕನೆಯ ಸ್ಟ್ರೈಕ್ 46 ವರ್ಷಗಳ ನಂತರ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮತ್ತೆ ಕಾಣಿಸಿಕೊಂಡಿತು. ಕೇಸಿ ಮಾರ್ಟಿನ್ ಎಂಬ ಗಾಲ್ಫ್ ಆಟಗಾರನಿಗೆ ಕಾಲಿನ ರಕ್ತನಾಳಗಳ ಕಾಯಿಲೆ. ನಡೆಯುವುದೇ ಯಾತನೆ, ಗಾಡಿಯಲ್ಲಿ ಹೋಗಲು ಬಿಡಿ ಎಂದು ಕೇಳಿದ. 2001ರಲ್ಲಿ ಕೋರ್ಟು 7–2ರಿಂದ ಅವನ ಪರ ತೀರ್ಪು ಕೊಟ್ಟಿತು. ಗಾಲ್ಫ್ ಎಂದರೆ ಚೆಂಡನ್ನು ಹೊಡೆಯುವುದು, ಗುಂಡಿಯಿಂದ ಗುಂಡಿಗೆ ನಡೆಯುವುದು ಅದರ ತಿರುಳಲ್ಲ ಎಂಬುದು ತೀರ್ಪಿನ ಸಾರ. ಭಿನ್ನಮತ ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಕಟಕಿಯಾಡಿದರು: ನಾಳೆ ಗಮನ ನಿಲ್ಲಿಸಲಾಗದ ಮಗುವಿನ ತಂದೆತಾಯಿ ಬಂದು ಬೇಸ್‌ಬಾಲ್‌ನಲ್ಲಿ ನಾಲ್ಕು ಸ್ಟ್ರೈಕ್ ಕೇಳಿದರೆ ಏನು ಮಾಡುತ್ತೀರಿ?

ಸ್ಕಾಲಿಯಾ ಪ್ರಶ್ನೆಗೆ ರಾಲ್ಸ್‌ನಲ್ಲೇ ಅರ್ಧ ಉತ್ತರವಿದೆ. ಮೂರು ಸ್ಟ್ರೈಕ್ ಅಂಗಳದೊಳಗಿನ ನಿಯಮ. ಹತ್ತೊಂಬತ್ತರ ವಯೋಮಿತಿ ಅಂಗಳದ ಬಾಗಿಲಿನ ನಿಯಮ. ಹತ್ತೊಂಬತ್ತೂವರೆಯ ಹುಡುಗ ಓಡಿದರೆ ಓಟ ಬೇರೆ ಆಟವಾಗುವುದಿಲ್ಲ. ಬಾಗಿಲಿನ ನಿಯಮ ತನ್ನಿಂದ ತಾನೇ ನಿಲ್ಲುವುದಿಲ್ಲ, ಒಂದು ಉದ್ದೇಶದ ಮೇಲೆ ನಿಂತಿರುತ್ತದೆ. ಈ ಹುಡುಗ ಒಳಗೆ ಬಂದರೆ ಆ ಉದ್ದೇಶಕ್ಕೆ ಧಕ್ಕೆಯೆ ಎಂದು ಕೇಳಲು ಬರುತ್ತದೆ. ಔಚಿತ್ಯಕ್ಕೆ ಜಾಗವಿರುವುದು ಅಲ್ಲಿ.

ಇದನ್ನೇ 1994ರಲ್ಲಿ ನ್ಯಾಯಾಧೀಶ ರಿಚರ್ಡ್ ಆರ್ನಾಲ್ಡ್ ಕೇಳಿದ್ದರು. ಅದು ಮಿಸೌರಿ ರಾಜ್ಯದ ಪ್ರಕರಣ. ಅಲ್ಲೂ ಕಲಿಕೆಯ ತೊಂದರೆಯಿಂದ ಎರಡು ವರ್ಷ ಹಿಂದೆ ಉಳಿದ ಬೇಸ್‌ಬಾಲ್ ಹುಡುಗ. ಪೀಠದ ಬಹುಮತ ವಯೋಮಿತಿ ಈ ಕಾರ್ಯಕ್ರಮದ ಜೀವಾಳ, ಅದನ್ನು ಮುಟ್ಟಬೇಕಿಲ್ಲ ಎಂದಿತು. ಆರ್ನಾಲ್ಡ್ ಒಪ್ಪಲಿಲ್ಲ. ನಿಯಮದ ಉದ್ದೇಶವನ್ನು ಮುಂದಿಟ್ಟುಕೊಂಡು ಈ ಒಬ್ಬನನ್ನು ನೋಡಿ ಎಂದು ಭಿನ್ನಮತ ಬರೆದರು. ಐದು ವರ್ಷಗಳ ನಂತರ ಇಂಡಿಯಾನಾದ ಎಂಟು ಸೆಮಿಸ್ಟರ್ ನಿಯಮದ ಪ್ರಕರಣದಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ, ಶಾಲೆ ಬಿಟ್ಟು ಹೋಗಿ ಮರಳಿ ಬಂದ ವಿದ್ಯಾರ್ಥಿಯನ್ನು ಹೀಗೆ ಒಬ್ಬನಾಗಿ ನೋಡಿ, ಅವನಿಗೆ ಆಡಲು ಬಿಟ್ಟದ್ದನ್ನು ಎತ್ತಿಹಿಡಿಯಿತು.

ಹಾಗಂತ ಮಿಷಿಗನ್ ತೀರ್ಪನ್ನು ಕಲ್ಲೆದೆಯದು ಎಂದು ತಳ್ಳಿಹಾಕಲಾಗದು. ಆ ನ್ಯಾಯಾಧೀಶರ ಚಿಂತೆ ಬೇರೆಯಿತ್ತು: ಈ ಹುಡುಗನ ವಯಸ್ಸು ಅವನಿಗೆ ಎಷ್ಟು ಅನುಕೂಲ ಎಂದು ಅಳೆಯುವವರು ಯಾರು? ಎತ್ತರ, ತೂಕ, ಚುರುಕು, ಎದುರಾಳಿ ತಂಡದ ಒಬ್ಬೊಬ್ಬರ ಸಾಮರ್ಥ್ಯ, ಇದನ್ನೆಲ್ಲ ಹೈಸ್ಕೂಲಿನ ಕೋಚ್ ಪ್ರತಿ ಸಲ ತೂಗಿ ನೋಡುವುದು ಆಗಹೋಗದ ಕೆಲಸ. ಸೀಸದ ಕೋಲಿಗೆ ಇದೇ ದೊಡ್ಡ ಆಕ್ಷೇಪ. ಕಲ್ಲಿಗೆ ಬಾಗುವ ಕೋಲು ಕೈಯೊತ್ತಡಕ್ಕೂ ಬಾಗುತ್ತದೆ. ಒಳ್ಳೆಯ ವಕೀಲರನ್ನು ಇಡುವ ತಾಕತ್ತಿದ್ದವರ ಮಕ್ಕಳಿಗೆ ‘ವಿಶೇಷ ಸಂದರ್ಭ’ ಸಿಕ್ಕಿ, ಬಡವರ ಮಕ್ಕಳಿಗೆ ನಿಯಮಪುಸ್ತಕ ಸಿಕ್ಕರೆ ಅದು ಔಚಿತ್ಯವಲ್ಲ, ಹಳೆಯ ಮಣೆಗೆ ಹೊಸ ಬಣ್ಣ.

ಇದಕ್ಕೆ ದಾರಿ ತೋರಿಸಿದ್ದೂ ಮಿಷಿಗನ್ನೇ. ಕೋರ್ಟಿನಲ್ಲಿ ಗೆದ್ದ 17 ವರ್ಷಗಳ ಮೇಲೆ, 2012ರಲ್ಲಿ, ಡೌನ್ ಸಿಂಡ್ರೋಮ್ ಇದ್ದ ಹುಡುಗನೊಬ್ಬನಿಗಾಗಿ ಅದೇ ಪ್ರಶ್ನೆ ಮತ್ತೆ ಎದ್ದಿತು. ಅವನು ಒಳಗಿದ್ದರೆ ಎದುರಾಳಿಗೆ ಅಪಾಯವಿಲ್ಲ, ಅವನ ತಂಡಕ್ಕೆ ವಯಸ್ಸಿನ ಲಾಭವೂ ಇಲ್ಲ ಎಂಬುದು ನೋಡಿದವರಿಗೆಲ್ಲ ಕಾಣುತ್ತಿತ್ತು. ಈ ಸಲ ಸಂಘದ ಸದಸ್ಯ ಶಾಲೆಗಳೇ ಮತ ಹಾಕಿ, ಭಾರಿ ಬಹುಮತದಿಂದ ಸಂಘದ ಸಂವಿಧಾನ ತಿದ್ದಿದವು. ವಯೋಮಿತಿ ಹೋಗಲಿಲ್ಲ. ತೀರಾ ಬಿಗಿಯಾದ ಷರತ್ತುಗಳ ಮೇಲೆ ವಿನಾಯಿತಿ ಕೇಳಬಹುದು ಎಂಬ ಕಿಟಕಿಯೊಂದು ತೆರೆಯಿತು. ಬಾಗುವುದನ್ನೂ ಮೊದಲೇ ಬರೆದಿಟ್ಟರು, ಹಾಗಾಗಿ ಅದು ಒಬ್ಬನಿಗೆ ಮಾಡಿದ ಉಪಕಾರವಾಗದೆ ಮುಂದೆ ಬರುವವರಿಗೂ ಹಕ್ಕಿನ ದಾರಿಯಾಯಿತು.

ಇಂಥ ಸಂಘಗಳನ್ನು ‘ನಮ್ಮ ಕ್ಲಬ್ಬು, ನಮ್ಮಿಷ್ಟ’ ಎನ್ನಲು ಅಮೆರಿಕದ ಸುಪ್ರೀಂ ಕೋರ್ಟು ಬಿಟ್ಟಿಲ್ಲ. ಟೆನೆಸ್ಸಿಯ ಸಂಘ ಹೆಸರಿಗೆ ಖಾಸಗಿಯಾಗಿದ್ದರೂ ಅದರ ಬಹುಪಾಲು ಸದಸ್ಯರು ಸರ್ಕಾರಿ ಶಾಲೆಗಳು. ಆದ್ದರಿಂದ ಅದರ ಅಧಿಕಾರಕ್ಕೆ ದೇಶದ ಸಂವಿಧಾನದ ಲಗಾಮು ಇದೆ ಎಂದು 2001ರಲ್ಲೇ 5–4ರ ತೀರ್ಪು ಬಂತು. ಅರ್ಹತೆ ನೋಡುವವರ ಅರ್ಹತೆಯನ್ನೂ ನೋಡುವವರು ಬೇಕು.

ನಮ್ಮಲ್ಲಿ ಈ ಚರ್ಚೆ ತಲೆಕೆಳಗಾಗಿ ನಡೆಯುತ್ತದೆ. ಅಲ್ಲಿ ವಯಸ್ಸು ಖಚಿತ, ನಿಯಮ ಬಾಗಬೇಕೆ ಎಂಬುದು ಪ್ರಶ್ನೆ. ಇಲ್ಲಿ ನಿಯಮ ನೆಟ್ಟಗಿರುತ್ತದೆ, ವಯಸ್ಸೇ ಬಾಗುತ್ತದೆ. ಕರ್ನಾಟಕದ ಮನೆಗಳಲ್ಲಿ ಜೂನ್ 1ರಂದು ಹುಟ್ಟಿದ ಹಿರಿಯರು ಎಷ್ಟು ಜನ ಎಂದು ಒಮ್ಮೆ ಎಣಿಸಿ ನೋಡಿ. ಶಾಲೆ ಶುರುವಾಗುವ ದಿನಕ್ಕೆ ಸರಿಹೊಂದಿಸಿ ಮೇಷ್ಟ್ರು ಬರೆದ ತಾರೀಖು ಅದು. ಅಲ್ಲಿ ಮೋಸವಿರಲಿಲ್ಲ, ಮಗು ಒಂದನೇ ತರಗತಿಗೆ ಸೇರಲಿ ಎಂಬ ಕಾಳಜಿಯಿತ್ತು. ಅದೇ ಪೆನ್ನು ಹದಿನೇಳರೊಳಗಿನವರ ತಂಡಕ್ಕಾಗಿ ಎರಡು ವರ್ಷ ಅಳಿಸಿದಾಗ ಮೋಸವಾಗುತ್ತದೆ. ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲಿ ವಯೋವಂಚನೆ ತಡೆಗೆಂದೇ ರಾಷ್ಟ್ರೀಯ ಸಂಹಿತೆ ತಂದಿತು. ಕ್ರಿಕೆಟ್ ಮಂಡಳಿ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ಬೆಳವಣಿಗೆಯಿಂದ ವಯಸ್ಸು ಅಂದಾಜಿಸುತ್ತದೆ. ಅದೂ ಅಂದಾಜೇ, ಒಂದೇ ದಿನ ಹುಟ್ಟಿದ ಇಬ್ಬರ ಮೂಳೆ ಒಂದೇ ವೇಗದಲ್ಲಿ ಬಲಿಯುವುದಿಲ್ಲ. 2020ರಲ್ಲಿ ಮಂಡಳಿ ಇನ್ನೊಂದು ಹೆಜ್ಜೆ ಇಟ್ಟಿತು: ಸುಳ್ಳು ವಯಸ್ಸು ಕೊಟ್ಟವರು ತಾವಾಗಿ ಒಪ್ಪಿಕೊಂಡರೆ ಶಿಕ್ಷೆಯಿಲ್ಲ, ಸರಿಯಾದ ವಯೋಗುಂಪಿನಲ್ಲಿ ಆಡಬಹುದು. ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ. ತಾರೀಖು ಬರೆಸಿದ್ದು ಹುಡುಗನಲ್ಲ, ದೊಡ್ಡವರು. ಅದನ್ನು ಗುರುತಿಸಿದ ಈ ಯೋಜನೆಯೂ ಬರೆದಿಟ್ಟ ಔಚಿತ್ಯವೇ.

ನನ್ನ ಮಟ್ಟಿಗೆ ತೀರ್ಮಾನ ಇಷ್ಟು. ಅಂಗಳದೊಳಗಿನ ನಿಯಮಕ್ಕೆ ಕಬ್ಬಿಣದ ಕೋಲು ಇರಲಿ. ಬಾಗಿಲಿನ ನಿಯಮಕ್ಕೆ ಸೀಸದ ಕೋಲು ಇರಲಿ, ಆದರೆ ಅದು ಎಷ್ಟು ಬಾಗಬಹುದು, ಬಾಗಿಸುವವರು ಯಾರು ಎಂಬುದು ಎಲ್ಲರಿಗೂ ಕಾಣುವಂತೆ ಮೊದಲೇ ಬರೆದಿರಲಿ. ಉದ್ದೇಶ ಮರೆತುಹೋದ ನಿಯಮಕ್ಕೆ ಯಾವಾಗ ಬಾಗಬೇಕು ಎಂಬುದೂ ಗೊತ್ತಿರುವುದಿಲ್ಲ, ಯಾವಾಗ ಬಾಗಬಾರದು ಎಂಬುದೂ ಗೊತ್ತಿರುವುದಿಲ್ಲ. ಆದ್ದರಿಂದ ದೈಹಿಕ ಶಿಕ್ಷಕರಲ್ಲಿ, ಕ್ರೀಡಾಕೂಟ ನಡೆಸುವವರಲ್ಲಿ ಒಂದು ಕೋರಿಕೆ: ಮುಂದಿನ ಸಲ ಅರ್ಹತಾ ನಿಯಮಗಳ ಪಟ್ಟಿ ಅಂಟಿಸುವಾಗ ಪ್ರತಿ ನಿಯಮದ ಕೆಳಗೆ ಅದು ಯಾಕಿದೆ ಎಂದೂ ಒಂದು ಸಾಲು ಬರೆಯಿರಿ. ಓದಲು ಬರುವ ಹುಡುಗ, ಹುಡುಗಿಯರು ಅಲ್ಲಿ ನಿಂತಿರುತ್ತಾರೆ.