ವ್ರತವೂ ನೆಪವೂ

ವ್ರತವನ್ನು ಕೈಕೊಂಡವನು ಅದನ್ನು ಲೋಕದ ಮುಂದೆ ಹೇಳಿಕೊಳ್ಳಬೇಕೆ, ಮರೆಮಾಡಬೇಕೆ? ಹೇಳಿಕೊಂಡರೆ ಮಾನಕಷಾಯದ ಭಯ. ಮರೆಮಾಡಹೊರಟರೆ ಅಸತ್ಯದ ಭಯ. ಮನೆಯಲ್ಲಿಯೂ ಬಸದಿಯಲ್ಲಿಯೂ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಒಬ್ಬರ ನಿಯಮ ಮತ್ತೊಬ್ಬರಿಗೆ ತಿಳಿದೇ ಇರುತ್ತದೆ. ಓದಿಗಾಗಿ, ಉದ್ಯೋಗಕ್ಕಾಗಿ ಪರಸ್ಥಳದಲ್ಲಿರುವ ತರುಣ ಶ್ರಾವಕರಿಗಾದರೋ ಇದು ಮತ್ತೆ ಮತ್ತೆ ಎದುರಾಗುವ ಪ್ರಶ್ನೆ. ಅಂತಹ ಒಬ್ಬ ವಿದ್ಯಾರ್ಥಿಯ ಒಂದು ರಾತ್ರಿಯ ಅನುಭವವನ್ನು ಈ ವಿಚಾರದಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು.

ದಕ್ಷಿಣ ಕನ್ನಡದ ಶ್ರಾವಕ ಮನೆತನದ ಈ ತರುಣನು ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷದಲ್ಲಿದ್ದನು. ಹಿಂದಿನ ಚಾತುರ್ಮಾಸದಲ್ಲಿ ಮುನಿಮಹಾರಾಜರ ಸನ್ನಿಧಿಯಲ್ಲಿ, ನೀರೊಂದನ್ನುಳಿದು, ರಾತ್ರಿಭೋಜನ ತ್ಯಾಗದ ನಿಯಮವನ್ನು ಸ್ವೀಕರಿಸಿದ್ದನು. ಡಿಸೆಂಬರ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಎಂಜಿನಿಯರರ ಸಮ್ಮೇಳನಕ್ಕೆ ಕಾಲೇಜು ಅವನನ್ನು ಕಳುಹಿಸಿತು. ಹಗಲು ಪ್ರಬಂಧಗಳ ಮಂಡನೆ. ರಾತ್ರಿ 8 ಗಂಟೆಗೆ ಹೋಟೆಲಿನಲ್ಲಿ ಔತಣ. ಇಂತಹ ಔತಣಗಳಲ್ಲಿ ಊಟಕ್ಕಿಂತ ಪರಿಚಯವೇ ಮುಖ್ಯ. ಹಿರಿಯರ ಬಳಿ ನಾಲ್ಕು ಮಾತನಾಡಿ ಮೆಚ್ಚಿಗೆ ಪಡೆದ ವಿದ್ಯಾರ್ಥಿಗೆ ತರಬೇತಿಯೋ ಉದ್ಯೋಗವೋ ದೊರೆಯುವುದುಂಟು.

ಅಂದು ಮಧ್ಯಾಹ್ನದ ಉಪನ್ಯಾಸವೊಂದು ಕಟ್ಟಡಗಳ ಕುಸಿತವನ್ನು ಕುರಿತದ್ದಾಗಿತ್ತು. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಿನಲ್ಲಿ, ಒಂದರ ಕೆಳಗೊಂದು ತೂಗುಹಾಕಿದ್ದ ಎರಡು ಕಾಲುದಾರಿಗಳು ಕುಸಿದು 114 ಜನರು ಮರಣ ಹೊಂದಿದರು. ಛಾವಣಿಯಿಂದ ಇಳಿಬಿಟ್ಟ ಒಂದೇ ಉದ್ದದ ಉಕ್ಕಿನ ಸರಳುಗಳು ಎರಡೂ ದಾರಿಗಳನ್ನು ಹೊರಬೇಕೆಂಬುದು ಮೊದಲಿನ ಯೋಜನೆ. ಕೆಲಸದ ಅನುಕೂಲಕ್ಕಾಗಿ ಒಂದೊಂದು ಸರಳಿಗೆ ಬದಲಾಗಿ ಎರಡು ತುಂಡು ಸರಳುಗಳನ್ನು ಬಳಸಿ, ಕೆಳಗಿನ ದಾರಿಯನ್ನು ಮೇಲಿನ ದಾರಿಯ ತೊಲೆಗೇ ತೂಗುಹಾಕಿದರು. ನೋಟಕ್ಕೆ ಅಷ್ಟಾಗಿ ವ್ಯತ್ಯಾಸವಿಲ್ಲ. ಆದರೆ ಮೇಲಿನ ತೊಲೆಯ ಕೆಳಗಿದ್ದ ನಟ್ಟುಗಳ ಮೇಲೆ ಭಾರ ಇಮ್ಮಡಿಯಾಯಿತು. ಇದನ್ನು ಕೇಳಿದ ವಿದ್ಯಾರ್ಥಿ ಎದ್ದು ಒಂದು ಪ್ರಶ್ನೆ ಕೇಳಿದನು. ಸೇತುವೆಗಳ ನಿರ್ಮಾಣದಲ್ಲಿಯೇ ತಲೆ ನರೆತ ಹಿರಿಯರೊಬ್ಬರು ಆ ಪ್ರಶ್ನೆಯನ್ನು ಮೆಚ್ಚಿ, ರಾತ್ರಿ ಬಂದು ಕಾಣುವಂತೆ ಹೇಳಿದರು.

ಆ ತಿಂಗಳಲ್ಲಿ ಬೆಂಗಳೂರಿನ ಸೂರ್ಯಾಸ್ತ ಸುಮಾರು 6 ಗಂಟೆಗೆ. ಅಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಇರುವಾಗಲೇ ಊಟ ಮುಗಿಸುವುದು ಹಿರಿಯರ ಪದ್ಧತಿ. ವಿದ್ಯಾರ್ಥಿಯು 5 ಗಂಟೆಗೆ ಮುಂಚೆ ಸಭಾಂಗಣದ ಹೊರಗೆ ಕುಳಿತು, ಬಂಧುಗಳ ಮನೆಯಿಂದ ತಂದಿದ್ದ ಚಪಾತಿ ಪಲ್ಯಗಳನ್ನು ಉಂಡು ಕೈತೊಳೆದನು. ಹಸಿವು ತೀರಿತು, ನಿಯಮವೂ ನಿಂತಿತು. ಅಲ್ಲಿಯವರೆಗೆ ಯಾವ ಕಷ್ಟವೂ ಇರಲಿಲ್ಲ.

ರಾತ್ರಿ ಆ ಹಿರಿಯರು ಅವನ ಬರಿಗೈ ನೋಡಿ, "ಏನಪ್ಪ, ತಟ್ಟೆಯೆಲ್ಲಿ?" ಎಂದರು. ಸುತ್ತ ನಿಂತವರೆಲ್ಲರೂ ಅವನತ್ತ ನೋಡಿದರು. "ಹೊಟ್ಟೆ ಸರಿಯಿಲ್ಲ ಸಾರ್" ಎಂಬ ಮಾತು ಅವನ ಬಾಯಿಂದ ತಾನಾಗಿ ಹೊರಟಿತು. ಹಿರಿಯರು ತಮ್ಮ ತಟ್ಟೆಯನ್ನು ಬದಿಗಿಟ್ಟು ಹೋಗಿ, ಎಲ್ಲಿಂದಲೋ ಒಂದು ಮಾತ್ರೆಯನ್ನೂ ಬಿಸಿನೀರನ್ನೂ ತಂದುಕೊಟ್ಟರು. "ಮಾತ್ರೆ ಆಗಲೇ ತೆಗೆದುಕೊಂಡಿದ್ದೇನೆ" ಎಂದು ಎರಡನೆಯ ಸುಳ್ಳು ಹೇಳಬೇಕಾಯಿತು. "ನಾಳೆ ಬೆಳಿಗ್ಗೆ ಸೇತುವೆಯ ಕೆಲಸ ತೋರಿಸಲು ನಿನ್ನನ್ನೂ ಕರೆದೊಯ್ಯಬೇಕೆಂದಿದ್ದೆ. ಮೈ ಸರಿಯಿಲ್ಲದವನು ಬಿಸಿಲಿಗೆ ಬರಬೇಡ, ಮಲಗಿಕೊ" ಎಂದು ಅವರು ಕನಿಕರದಿಂದ ಹೇಳಿದರು.

"ಉಂಡಾಗಿದೆ ಸಾರ್, ರಾತ್ರಿ ಉಣ್ಣುವುದಿಲ್ಲವೆಂಬ ನಿಯಮವಿದೆ" ಎಂಬುದು ಪೂರ್ಣ ಸತ್ಯವಾಗಿತ್ತು. ಅಷ್ಟು ಸುಲಭವಾದ ಸತ್ಯವನ್ನು ಬಿಟ್ಟು ಅವನು ಅಸತ್ಯವನ್ನು ಏಕೆ ಹಿಡಿದನು? ವ್ರತವನ್ನು ಸಾರಿಕೊಳ್ಳಬಾರದೆಂಬ ವಿನಯ ಇದಕ್ಕೆ ಕಾರಣವೆಂದು ಕೆಲವರು ಹೇಳಬಹುದು. ಇದರಿಂದ ಯಾರಿಗೂ ಹಾನಿಯಿಲ್ಲವೆಂದೂ ವಾದಿಸಬಹುದು. ಆದರೆ ಪರೀಕ್ಷಿಸಿ ನೋಡಿದರೆ ಇದು ವಿನಯವಲ್ಲ. ಮಾನಕಷಾಯಕ್ಕೆ ಎರಡು ಮುಖಗಳಿವೆ: ಪರರ ಕಣ್ಣಿಗೆ ದೊಡ್ಡವನಾಗಿ ಕಾಣಬೇಕೆಂಬ ಆಸೆ ಒಂದು, ಚಿಕ್ಕವನಾಗಿ ಕಂಡೇನೆಂಬ ಅಂಜಿಕೆ ಇನ್ನೊಂದು. ಡಂಭವನ್ನು ತಪ್ಪಿಸಿಕೊಂಡವನು ಈ ಎರಡನೆಯದಕ್ಕೆ ಸಿಕ್ಕಿಬಿದ್ದನು.

ಮಾಯಾ, ಮಿಥ್ಯಾ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ತಿಳಿಸುತ್ತದೆ. ಶಲ್ಯವೆಂದರೆ ಒಳಹೊಕ್ಕು ನೋಯಿಸುವ ಮುಳ್ಳು. ಬರಿಯ ಅನ್ನತ್ಯಾಗದಿಂದ ಯಾರೂ ವ್ರತಿಯಾಗರು. ಒಳಗೊಂದು, ಹೊರಗೊಂದು ಎಂಬ ಮಾಯೆಯ ಮುಳ್ಳನ್ನು ಕಿತ್ತ ಮೇಲೆಯೇ ಆ ಹೆಸರು ಸಲ್ಲುತ್ತದೆ. ಆ ರಾತ್ರಿ ಅಂಗೈಯಲ್ಲಿ ಒಂದು ತುತ್ತೂ ಇರಲಿಲ್ಲ. ಮುಳ್ಳು ಮಾತ್ರ ಇತ್ತು.

ಕೋಣೆಗೆ ಹಿಂದಿರುಗಿ ಮಲಗಿದವನಿಗೆ ಮಧ್ಯಾಹ್ನದ ಉಪನ್ಯಾಸ ನೆನಪಾಯಿತು. ಅನುಕೂಲಕ್ಕಾಗಿ ಮಾಡಿದ ಬದಲಾವಣೆ ಭಾರವನ್ನು ಕಡಿಮೆ ಮಾಡಿರಲಿಲ್ಲ; ಅದನ್ನು ಹೊರಲಾರದ ಕಡೆಗೆ ಸಾಗಿಸಿತ್ತು. ತಾನೂ ಆಹಾರದ ನಿಯಮವನ್ನು ಸತ್ಯದ ಮೇಲೆ ತೂಗುಹಾಕಿ, ಎರಡರ ಭಾರವನ್ನೂ ಒಂದರ ಮೇಲೆ ಹೊರಿಸಿದೆನೆಂದು ಅವನಿಗೆ ಹೊಳೆಯಿತು.

ಬೆಳಗಾದೊಡನೆ ಅವನು ಹೋಟೆಲಿನ ಬಾಗಿಲಿಗೆ ಹೋಗಿ, ಹೊರಡಲಿದ್ದ ಹಿರಿಯರಿಗೆ ಇದ್ದುದನ್ನು ಇದ್ದಂತೆ ಹೇಳಿದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಣ್ಣುವುದು ಬಿಡುವುದು ನಿನಗೆ ಸೇರಿದ್ದು. ಆದರೆ ನಿನ್ನ ಮಾತನ್ನು ನಂಬಿ ನಾನು ಔಷಧಕ್ಕೆ ಓಡಿದೆ. ನಾಳೆ ಕೆಲಸದ ಸ್ಥಳದಲ್ಲಿ, ಕಾಂಕ್ರೀಟಿನ ಪರೀಕ್ಷೆ ಆಯಿತೆ ಎಂದು ಕೇಳಿದಾಗಲೂ ನಿನ್ನ ಮಾತನ್ನೇ ನಂಬಬೇಕಲ್ಲವೆ?" ಎಂದರು. ವಾಹನದಲ್ಲಿ ಅವನ ಸ್ಥಳವನ್ನು ಬೇರೊಬ್ಬನಿಗೆ ಕೊಟ್ಟಾಗಿತ್ತು. ಅವನು ಅಲ್ಲಿಯೇ ಉಳಿದನು.

ಯಾರಿಗೂ ಹಾನಿಯಿಲ್ಲವೆಂಬ ವಾದಕ್ಕೆ ಆ ಹಿರಿಯರ ಮಾತಿನಲ್ಲಿಯೇ ಉತ್ತರವಿದೆ. ಸುಳ್ಳು ಕೇಳಿದವನ ನಂಬಿಕೆಯನ್ನು ಕೆಡಿಸುತ್ತದೆ; ನಂಬಿಕೆಯ ಮೇಲೆಯೇ ಸೇತುವೆಗಳೂ ಸಂಸಾರಗಳೂ ನಿಂತಿವೆ. ಆದರೂ ಅಂದು ಬೆಳಿಗ್ಗೆ ನಡೆದದ್ದನ್ನು ನಷ್ಟವೆನ್ನಲಾಗದು. ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ತನ್ನ ದೋಷವನ್ನು ಮರೆಮಾಚದೆ ಗುರುಗಳ ಮುಂದೆ ನಿವೇದಿಸುವುದು. ಊರಿಗೆ ಹೋಗಿ ಗುರುಗಳ ಮುಂದೆ ಹೇಳಬೇಕಾದುದನ್ನು ಅವನು ಮೊದಲು ಯಾರಿಗೆ ಸುಳ್ಳು ಹೇಳಿದ್ದನೋ ಅವರ ಮುಂದೆಯೇ ಹೇಳಿದನು.

ಡಂಗುರಕ್ಕೂ ನೆಪಕ್ಕೂ ನಡುವೆ ಒಂದು ಸರಳವಾದ ದಾರಿಯಿದೆ: ಕೇಳದಿದ್ದರೆ ಸುಮ್ಮನಿರುವುದು, ಕೇಳಿದರೆ ಒಂದೇ ಮಾತಿನಲ್ಲಿ ನಿಜ ಹೇಳುವುದು. ಮಕ್ಕಳನ್ನು ಪರಸ್ಥಳಕ್ಕೆ ಕಳುಹಿಸುವ ಶ್ರಾವಕ ಶ್ರಾವಿಕೆಯರು ಹೊತ್ತಿಗೆ ಮುಂಚೆ ಉಣ್ಣಲೆಂದು ಬುತ್ತಿ ಕಟ್ಟಿಕೊಡುವರು. ಅದರೊಡನೆ ಈ ಒಂದು ಮಾತನ್ನೂ, ಅದನ್ನು ಆಡುವ ಧೈರ್ಯವನ್ನೂ ಕಟ್ಟಿಕೊಡುವುದು ಲೇಸು.