ಹೊಟ್ಟೆ ತುಂಬಿದ ಮೇಲಿನ ಹಸಿವು

ಸಂಜೆ ಐದರ ನನ್ನ ಹಸಿವು ಹೊಟ್ಟೆಯದಲ್ಲ ಎಂದು ಗೊತ್ತಾದದ್ದು ಕೊಬ್ಬು ತಿನ್ನತೊಡಗಿದ ಮೇಲೆ. ಬೆಳಿಗ್ಗೆ ಆಲೂ ಪರಾಠಾದ ಬದಲು ಪನೀರ್, ಒಂದು ಹಿಡಿ ಬಾದಾಮಿ. ಮಧ್ಯಾಹ್ನ ಒಂದೇ ರೊಟ್ಟಿ, ತಟ್ಟೆ ತುಂಬ ಪಲ್ಯ, ಅದರ ಮೇಲೆ ಶೇಂಗಾ ಎಣ್ಣೆ, ಒಂದು ಬಟ್ಟಲು ಗಟ್ಟಿ ಮೊಸರು. ಒಳ್ಳೆಯ ಕೊಬ್ಬಿನ ಪಥ್ಯ ಎಂದರೆ ಹೆಚ್ಚುಕಡಿಮೆ ಇಷ್ಟೇ: ಅನ್ನ, ಗೋಧಿ, ಸಕ್ಕರೆ ಇಳಿಸಿ ಆ ಜಾಗಕ್ಕೆ ಎಣ್ಣೆಕಾಳು, ಬೀಜಗಳನ್ನು ತರುವುದು. ಕೊಬ್ಬು ಜಠರದಿಂದ ನಿಧಾನವಾಗಿ ಇಳಿಯುತ್ತದೆ, ರಕ್ತದ ಸಕ್ಕರೆಯನ್ನು ಒಮ್ಮೆಲೇ ಏರಿಸುವುದಿಲ್ಲ. ಹೀಗಾಗಿ ಹೊಟ್ಟೆ ಬಹಳ ಹೊತ್ತು ತಣ್ಣಗಿರುತ್ತದೆ. ನನ್ನದೂ ತಣ್ಣಗಿತ್ತು. ಆದರೂ ಗ್ರೇಟರ್ ನೋಯ್ಡಾ ವೆಸ್ಟಿನ ನಮ್ಮ ಫ್ಲ್ಯಾಟಿನಲ್ಲಿ ಐದು ಹೊಡೆದರೆ ಸಾಕು, ಕೈ ತಾನಾಗಿ ತಿಂಡಿ ಡಬ್ಬಿಯ ಕಡೆ ಹೋಗುತ್ತಿತ್ತು. ಹೊಟ್ಟೆ ಬೇಡ ಎನ್ನುವಾಗ ಬೇಕು ಅನ್ನುತ್ತಿದ್ದದ್ದು ಯಾವುದು?

ನಮ್ಮ ಮೈಯಂಥ ಮೈಗೆ ಇದು ಸಣ್ಣ ಪ್ರಶ್ನೆಯಲ್ಲ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಒಂದು ಫೋಟೊ ಪ್ರಕಟಿಸಿತು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತ ಚಿತ್ರ. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ತುಂಬಿಕೊಂಡಿರುವ ಈ ಭಾರತೀಯ ಮೈಯನ್ನು ತೂಕದ ಯಂತ್ರ ತೋರಿಸಿಕೊಡುವುದಿಲ್ಲ. ಆ ಕೊಬ್ಬು ತಿಂದ ಎಣ್ಣೆಯಿಂದಲೇ ಬಂದದ್ದು ಎಂದು ಬಹಳ ಜನ ನಂಬಿದ್ದಾರೆ. ಆದರೆ 2025ರಲ್ಲಿ ಹೊರಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತೀಯರ ಆಹಾರದ ಕ್ಯಾಲೊರಿಗಳಲ್ಲಿ ಶೇ 62ರಷ್ಟು ಕಾರ್ಬೋಹೈಡ್ರೇಟಿನದು. ಬಿಳಿ ಅಕ್ಕಿ, ಗೋಧಿ ಹಿಟ್ಟು, ಸಕ್ಕರೆಗಳದೇ ಅದರಲ್ಲಿ ದೊಡ್ಡ ಪಾಲು.

ಹಾಗಂತ ಎಣ್ಣೆ ಸುರಿದುಕೊಂಡರೆ ಮೈ ಇಳಿಯುವುದಿಲ್ಲ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟಕ್ಕೆ 4. ತಿನ್ನುವುದನ್ನೆಲ್ಲ ತಿನ್ನುತ್ತ ಮೇಲಿಂದ ಬಾದಾಮಿ ಸೇರಿಸಿದವರ ತೂಕ ಏರುವುದೇ ಸಹಜ. ಆಲಿವ್ ಎಣ್ಣೆಗೆ ಹೆಸರು ತಂದ ಸ್ಪೇನಿನ ಪ್ರೆಡಿಮೆಡ್ ಪ್ರಯೋಗ ಕೂಡ (7,447 ಜನ, 2013, ಲೋಪ ಕಂಡು ಹಿಂಪಡೆದು 2018ರಲ್ಲಿ ಮತ್ತೆ ಪ್ರಕಟಿಸಿದ್ದು) ನೋಡಿದ್ದು ಹೃದಯಾಘಾತ, ಪಾರ್ಶ್ವವಾಯುಗಳನ್ನು. ತೂಕ ಇಳಿಸುವುದು ಅದರ ಮುಖ್ಯ ಗುರಿಯಾಗಿರಲಿಲ್ಲ.

ಆಲಿವ್ ನನಗೆ ಬೇಕಾಗಲೂ ಇಲ್ಲ. ಬಾಗಲಕೋಟೆಯಿಂದ ಅವ್ವ ಕಳಿಸುವ ಮೂರು ಡಬ್ಬಿಗಳಲ್ಲಿ ಅಗಸಿ, ಗುರೆಳ್ಳು, ಶೇಂಗಾ ಚಟ್ನಿಪುಡಿ ಇರುತ್ತವೆ. ಅಗಸಿಯನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಚಟಚಟ ಸಿಡಿದು ಸದ್ದು ಇಳಿಯುತ್ತಿದ್ದಂತೆ ಕೆಳಗಿಳಿಸದಿದ್ದರೆ ಕಹಿಯಾಗುತ್ತದೆ. ಬೆಳ್ಳುಳ್ಳಿ, ಒಣಖಾರ, ಉಪ್ಪು ಹಾಕಿ ಕುಟ್ಟುವಾಗ ಪುಡಿ ಉದುರುದುರಾಗದೆ ಒರಳಿಗೆ ಅಂಟುತ್ತದೆಯಲ್ಲ, ಅದೇ ಎಣ್ಣೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಜಾತಿಯದು. ಇಡೀ ಕಾಳು ನುಂಗಿದರೆ ಜೀರ್ಣವಾಗದೆ ಹಾಗೇ ಹೊರಹೋಗುತ್ತದೆ, ಕುಟ್ಟಿದರೆ ಮೈಗೆ ಹತ್ತುತ್ತದೆ. ಹಾಗಾದರೆ ಹಿರಿಯರಿಗೆ ಎಲ್ಲ ಗೊತ್ತಿತ್ತು ಎನ್ನಬಹುದೇ? ನಾನು ಹಾಗೆ ಹೇಳಲಾರೆ. ನಮ್ಮ ಅಜ್ಜಿ ಇದೇ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ನಾಲ್ಕು ರೊಟ್ಟಿ ಉಂಡು ಹೊತ್ತು ಮುಳುಗುವವರೆಗೆ ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ನಾನು ಲಿಫ್ಟಿನಲ್ಲಿ ಇಳಿದು ಕಾರಿನಲ್ಲಿ ಕೂರುತ್ತೇನೆ. ನವೆಂಬರಿನ ಹೊಗೆಯಲ್ಲಿ ಇಲ್ಲಿ ವಾಕಿಂಗ್ ಹೋಗುವುದೂ ಕಷ್ಟ.

ಡಬ್ಬಿಗಳ ಬೆನ್ನಿಗೇ ಅವ್ವನ ಫೋನು ಬರುತ್ತದೆ. “ಊಟಾ ಆತೇನ?” ಆಯಿತು ಅಂದರೆ ಏನೇನು ಉಂಡೆ ಎಂದು ಕೇಳುತ್ತಾಳೆ. ಹೇಳಿದರೆ, “ಬರೇ ಒಂದ ರೊಟ್ಟಿ ತಿಂದ್ರ ಹೆಂಗ? ಮೈಯಾಗ ಆರಾಮ ಐತಿಲ್ಲೊ?” ಅವಳಿಗೆ ನಾನು ಎಷ್ಟು ಉಂಡೆ ಎಂಬುದು ನಾನು ಹೇಗಿದ್ದೇನೆ ಎಂದು ತಿಳಿಯುವ ದಾರಿ. ಸಂಜೆ ಐದು ಎಂದರೆ ಊರಲ್ಲಿ ಕಟ್ಟೆಯ ಮೇಲೆ ಚುರುಮುರಿ ಹಚ್ಚಿ, ಚಹಾ ಕಾಸಿ, ಓಣಿಯವರೆಲ್ಲ ಮಾತಿಗೆ ಕೂರುವ ಹೊತ್ತು. ಇಷ್ಟು ವರ್ಷ ಆ ಹೊತ್ತಿನ ಸೆಳೆತವನ್ನು ನಾನು ಹಸಿವು ಎಂದುಕೊಂಡು ಬಿಸ್ಕತ್ತು ತಿಂದು ಕಳೆಯುತ್ತಿದ್ದೆ. ಕೊಬ್ಬು ನಿಜವಾದ ಹಸಿವನ್ನು ಪಕ್ಕಕ್ಕೆ ಸರಿಸಿದ ಮೇಲೆ ಇನ್ನೊಂದು ಸ್ಪಷ್ಟವಾಗಿ ಕಂಡಿತು. ಜನ ಬೇಕಾಗಿತ್ತು, ಕನ್ನಡ ಮಾತು ಬೇಕಾಗಿತ್ತು. ಕ್ಯಾಲೊರಿ ಲೆಕ್ಕದ ಆ್ಯಪ್‌ಗಳಲ್ಲಿ ಇದನ್ನು ಬರೆಯಲು ಜಾಗವಿಲ್ಲ. ಪಥ್ಯ ಹಿಡಿದವರಲ್ಲಿ ಬಹಳ ಮಂದಿ ಸೋಲುವುದು ಇಲ್ಲೇ ಎಂದು ನನ್ನ ಅನುಮಾನ. ನಾಲಿಗೆ ಗೆದ್ದವರೂ ಒಂಟಿ ಸಂಜೆಯನ್ನು ಗೆಲ್ಲುವುದಿಲ್ಲ.

ಪಕ್ಕದ ಮನೆಯ ಭಾಭಿ ಬುಲಂದಶಹರ ಕಡೆಯವರು. ಚಳಿಗಾಲ ಬಂತೆಂದರೆ ಅದೇ ಅಗಸಿಯನ್ನು ಹುರಿದು ಪುಡಿ ಮಾಡಿ, ಗೋಧಿ ಹಿಟ್ಟು, ಬೆಲ್ಲ, ತುಪ್ಪ ಸೇರಿಸಿ ಪಿನ್ನಿ ಎಂಬ ಉಂಡೆ ಕಟ್ಟುತ್ತಾರೆ. ಪಥ್ಯದ ಕಣ್ಣಿಗೆ ಅದು ಬೇಡವಾದದ್ದು: ಸಿಹಿ ಮತ್ತು ಕೊಬ್ಬು ಒಂದೇ ಉಂಡೆಯಲ್ಲಿ. ಅವರು ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಮೊದಮೊದಲು ಬೇಡ ಅನ್ನುತ್ತಿದ್ದೆ. ಈಗ ಅವರ ಮನೆಗೇ ಹೋಗಿ ಕೂತು ಅರ್ಧ ಪಿನ್ನಿ ತಿನ್ನುತ್ತೇನೆ. ಅವರು ನಮ್ಮ ಅಗಸಿ ಹಿಂಡಿಗೆ ಹಸಿ ಸಾಸಿವೆ ಎಣ್ಣೆ ಕಲಸಿ ಬಾಜ್ರಾ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ. ಶೇಂಗಾ ಎಣ್ಣೆಗೆ ಘಮವೇ ಇಲ್ಲ ಎಂಬುದು ಅವರ ವಾದ. ನಾನು ಒಪ್ಪಿಲ್ಲ, ಮಾತು ಕತ್ತಲಾಗುವವರೆಗೂ ಬೆಳೆಯುತ್ತದೆ. ತೂಕ ನಿಧಾನವಾಗಿ ಇಳಿಯುತ್ತಿದೆ. ಅವ್ವನಿಗೆ ಈಗ ಅಗಸಿಯ ಡಬ್ಬಿ ಎರಡು ಕಳಿಸು ಎಂದಿದ್ದೇನೆ.